1918ರ ಬೆಳ್ಳಿ ರೂಪಾಯಿ: ಬೆಲೆ ಎಷ್ಟು, ಕಥೆ ಎಷ್ಟು?

"ಅಜ್ಜಿಯ ಟ್ರಂಕಿನಲ್ಲಿ ಐದು ಬೆಳ್ಳಿ ರೂಪಾಯಿ ಸಿಕ್ಕಿವೆ, ಒಂದೊಂದಕ್ಕೆ ಲಕ್ಷ ಬರುತ್ತಂತೆ, ಹೌದಾ?" ಊರಿನಿಂದ ಬರುವ ಫೋನುಗಳಲ್ಲಿ ವರ್ಷಕ್ಕೊಂದೆರಡು ಸಲ ಈ ಪ್ರಶ್ನೆ ಇದ್ದೇ ಇರುತ್ತದೆ. ಇಸವಿ ಓದಿ ಹೇಳು ಅಂದರೆ ಹೆಚ್ಚಾಗಿ 1917, ಇಲ್ಲವೇ 1918. ಐದನೇ ಜಾರ್ಜ್ ದೊರೆಯ ತಲೆ. ಲಕ್ಷ ಬರುವುದಿಲ್ಲ ಅಂದ ಕೂಡಲೇ ಆ ಕಡೆಯ ದನಿ ಇಳಿದುಬಿಡುತ್ತದೆ. "ಹಾಗಾದ್ರೆ ಕರಗಿಸಿ ಕಾಲ್ಗೆಜ್ಜೆ ಮಾಡಿಸ್ತೀವಿ ಬಿಡಿ" ಅನ್ನುತ್ತಾರೆ. ಸ್ವಲ್ಪ ತಡೀರಿ!

ಈ ರೂಪಾಯಿ ಎಲ್ಲರ ಮನೆಯಲ್ಲೂ ಸಿಗುವುದೇಕೆ? ಅದಕ್ಕೆ ಕಾರಣ ಮೊದಲನೇ ಮಹಾಯುದ್ಧ. ಭಾರತದಿಂದ ಯುದ್ಧಕ್ಕೆ ಬೇಕಾದ ಸಾಮಾನು ಕೊಳ್ಳಲು ಸರಕಾರಕ್ಕೆ ರಾಶಿ ರಾಶಿ ರೂಪಾಯಿ ಬೇಕಾಯಿತು. ಅದೇ ಹೊತ್ತಿಗೆ ಬೆಳ್ಳಿಯ ಬೆಲೆ ಏರಿತು. ನಾಣ್ಯದ ಮುಖಬೆಲೆಗಿಂತ ಅದರೊಳಗಿನ ಬೆಳ್ಳಿಯೇ ದುಬಾರಿಯಾದರೆ ಜನ ಸುಮ್ಮನಿರುತ್ತಾರೆಯೇ? ಕೂಡಿಟ್ಟರು, ಕರಗಿಸಿದರು. ಸರಕಾರ 1917ರಲ್ಲಿ ಕರಗಿಸುವುದನ್ನು ನಿಷೇಧಿಸಿತು, ಆ ವರ್ಷದ ಕೊನೆಗೆ ಒಂದು ರೂಪಾಯಿ ನೋಟು ತಂದಿತು, 1918ರ ಶುರುವಿನಲ್ಲಿ ಎರಡೂವರೆ ರೂಪಾಯಿ ನೋಟನ್ನೂ ತಂದಿತು. ಕಾಗದ ಹಿಡಿಯಲು ಜನ ಒಪ್ಪಬೇಕಲ್ಲ!

ಆಗ ಬ್ರಿಟಿಷರು ಅಮೆರಿಕದ ಬಾಗಿಲು ತಟ್ಟಿದರು. 1918ರ ಏಪ್ರಿಲ್‌ನಲ್ಲಿ ಅಲ್ಲಿ ಪಿಟ್‌ಮನ್ ಕಾಯಿದೆ ಬಂತು. ಅಮೆರಿಕದ ಖಜಾನೆಯಲ್ಲಿದ್ದ ಸುಮಾರು 26 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿ, 20 ಕೋಟಿ ಔನ್ಸ್ ಆಸುಪಾಸು ಬೆಳ್ಳಿಯನ್ನು ಭಾರತಕ್ಕಾಗಿ ಮಾರಿದರು. ಬೊಂಬಾಯಿ ಮತ್ತು ಕಲ್ಕತ್ತಾ ಟಂಕಸಾಲೆಗಳು ಆ ಒಂದೇ ಇಸವಿಯಲ್ಲಿ ಹೊಡೆದ ರೂಪಾಯಿ 40 ಕೋಟಿಗೂ ಹೆಚ್ಚು. ನಿಮ್ಮಜ್ಜಿಯ ಟ್ರಂಕಿನ ರೂಪಾಯಿ ಹಿಂದೊಮ್ಮೆ ಅಮೆರಿಕದ ಡಾಲರ್ ಆಗಿದ್ದಿರಬಹುದು ನೋಡಿ!

ಈಗ ಬೆಲೆಗೆ ಬರೋಣ. ಈ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ಹಳೇ ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. ಅದನ್ನು ಅವತ್ತಿನ ಬೆಳ್ಳಿ ದರದಿಂದ ಗುಣಿಸಿದರೆ ಬರುವುದೇ ತಳಬೆಲೆ. ಸವೆದಿದ್ದರೆ ಇನ್ನೂ ಸ್ವಲ್ಪ ಕಡಿಮೆ. 1940ರಿಂದ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು, ಹಾಗಾಗಿ 1940-45ರ ರೂಪಾಯಿಯಲ್ಲಿ 5.8 ಗ್ರಾಂ ಮಾತ್ರ. 1947ರದ್ದು ಬರೀ ನಿಕಲ್, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಇನ್ನೊಂದು ಮಾತು: ಅಂಗಡಿಯವನು ತೊಲ ಲೆಕ್ಕದಲ್ಲಿ ಮಾತಾಡಿದರೆ ಯಾವ ತೊಲ ಅಂತ ಕೇಳಿ. ಈಗ ಅನೇಕ ಕಡೆ 10 ಗ್ರಾಮಿಗೂ ತೊಲ ಅನ್ನುತ್ತಾರೆ.

ತಳಬೆಲೆಯ ಮೇಲೆ ಸಂಗ್ರಹಕಾರ ಎಷ್ಟು ಕೊಡುತ್ತಾನೆ ಅನ್ನುವುದು ಸ್ಥಿತಿಯ ಮೇಲೆ. ದೊರೆಯ ಕಿರೀಟದ, ನಿಲುವಂಗಿಯ ಗೆರೆಗಳು ಚೂಪಾಗಿದ್ದರೆ 1918ಕ್ಕೂ ಒಳ್ಳೆ ಬೆಲೆಯೇ. ಸರಕ್ಕೆ ಬೆಸುಗೆ ಹಾಕಿದ ಗುರುತಿದ್ದರೆ ಬೆಳ್ಳಿ ಬೆಲೆ ಅಷ್ಟೇ. ದಯವಿಟ್ಟು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ. ನೂರು ವರ್ಷದ ಕಪ್ಪು ಹೋದರೆ ಅರ್ಧ ಬೆಲೆಯೂ ಹೋಗಬಹುದು! ಹಿಂಬದಿಯಲ್ಲಿ ಕೆಳಗಿನ ತಾವರೆಯ ಅಡಿ ಪುಟ್ಟ ಚುಕ್ಕೆ ಇದ್ದರೆ ಬೊಂಬಾಯಿಯದು, ಇಲ್ಲದಿದ್ದರೆ ಕಲ್ಕತ್ತಾದ್ದು. ನಿಜವಾಗಿ ಅಪರೂಪ ಅಂದರೆ 1939ರದ್ದು. 1911ರದ್ದನ್ನೂ ಹುಡುಕುತ್ತಾರೆ. ಅದರಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗಲಾಟೆಯಾಗಿ, ಮರುವರ್ಷ ಆನೆಗೆ ಸರಿಯಾದ ಸೊಂಡಿಲು ಬರೆದರು. ಇವೆರಡರಲ್ಲೂ ನಕಲಿ ಓಡಾಡುತ್ತಿದೆ, ಹುಷಾರು.

ನಮ್ಮ ಆಲ್ಕಾಪುರಿಯಿಂದ ಹಳೇ ಬರೋಡಾದ ಮಾಂಡವಿ ಕಡೆ ಹೋದರೆ ಚೋಕ್ಸಿಗಳ ಅಂಗಡಿ ಸಿಗುತ್ತವೆ. ಧನತೇರಸ್ ದಿನ ಬೆಳ್ಳಿ ನಾಣ್ಯ ಕೊಳ್ಳುವುದು ಇಲ್ಲಿನ ಪದ್ಧತಿ. ಬರೋಡಾಕ್ಕೆ ತನ್ನದೇ ರೂಪಾಯಿಯೂ ಇತ್ತು: ಮೂರನೇ ಸಯಾಜಿರಾವ್ ಗಾಯಕವಾಡರ ಮುಖ, ನಾಗರಿ ಅಕ್ಷರ, ಹಿಂದೆ ಕತ್ತಿ. ಅದರಲ್ಲಿರುವುದು ವಿಕ್ರಮ ಸಂವತ್; 1951 ಅಂತ ಓದಿ "ಸ್ವಾತಂತ್ರ್ಯ ಬಂದ ಮೇಲಿನದ್ದು" ಅಂದುಕೊಳ್ಳಬೇಡಿ, 57 ಕಳೆಯಿರಿ, 1894 ಆಗುತ್ತದೆ. ಕಲಬುರಗಿ, ಬೀದರ, ರಾಯಚೂರಿನ ಮನೆಗಳಲ್ಲಿ ಚಾರ್‌ಮಿನಾರ್ ಇರುವ ನಿಜಾಮರ ಹಾಲಿ ಸಿಕ್ಕಾ ಸಿಗುತ್ತದೆ. ಅದರ ಬೆಳ್ಳಿ ಸ್ವಲ್ಪ ಕಡಿಮೆ. ನಮ್ಮ ಮೈಸೂರಿನವರಿಗೆ 1881ರಲ್ಲಿ ಒಡೆಯರ ಆಳ್ವಿಕೆ ಮರಳಿದರೂ ಸ್ವಂತ ನಾಣ್ಯ ಮರಳಲಿಲ್ಲ. ಅದಕ್ಕೇ ಅಲ್ಲಿನ ಟ್ರಂಕುಗಳಲ್ಲಿ ಬರೀ ರಾಣಿ, ಬರೀ ದೊರೆ!

ಎರಡು ಎಚ್ಚರಿಕೆ. ಹಳೇ ನಾಣ್ಯಕ್ಕೆ ಲಕ್ಷ ಕೊಡಿಸುತ್ತೇವೆ, ಮೊದಲು ಕಮಿಷನ್ ಕಟ್ಟಿ ಅನ್ನುವವರನ್ನು ನಂಬಬೇಡಿ. ತನ್ನ ಹೆಸರಲ್ಲೂ ಇಂಥ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ವಿದೇಶದಲ್ಲಿರುವವರಿಗೆ ಇನ್ನೊಂದು: 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚೀನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. 1918ರ ರೂಪಾಯಿ ಆ ಗೆರೆ ದಾಟಿ ವರ್ಷಗಳೇ ಆದವು. ಅಮ್ಮ ಪ್ರೀತಿಯಿಂದ ಸೂಟ್‌ಕೇಸಿಗೆ ಹಾಕಿದರೂ ತೆಗೆದಿಡಿ.

ಕೊನೆಗೆ ಇಷ್ಟು. 1918 ಅಂದರೆ ಮಳೆ ಕೈಕೊಟ್ಟ ವರ್ಷ, ಇನ್‌ಫ್ಲುಯೆಂಜಾ ಜ್ವರಕ್ಕೆ ದೇಶದಲ್ಲಿ ಕೋಟಿಗೂ ಮೀರಿ ಜನ ತೀರಿಕೊಂಡ ವರ್ಷ. ಅಂಥ ಕಾಲದ ರೂಪಾಯಿಯೊಂದನ್ನು ಖರ್ಚು ಮಾಡದೆ ಯಾರೋ ಸೀರೆಯ ಮಡಿಕೆಯಲ್ಲಿ ಉಳಿಸಿ ನಿಮ್ಮ ತನಕ ತಲುಪಿಸಿದ್ದಾರೆ. ಐದರಲ್ಲಿ ನಾಲ್ಕನ್ನು ಮಾರಿಕೊಳ್ಳಿ, ಬೇಡ ಅನ್ನುವುದಿಲ್ಲ. ಒಂದನ್ನಾದರೂ ಮೊಮ್ಮಕ್ಕಳಿಗೆ ಇಡಿ, ಜೊತೆಗೆ ಯಾರದ್ದೆಂದು ಬರೆದ ಒಂದು ಚೀಟಿಯನ್ನೂ. ಏನಂತೀರಿ?