ಶಾಸನದಲ್ಲಿಲ್ಲದ ಅಣಬೆ

ಚೈತ್ರ, ವೈಶಾಖದಲ್ಲಿ ಸವದತ್ತಿ ಸೀಮೆಯ ಹವೆಯನ್ನು ನಂಬುವಂತಿಲ್ಲ. ಮಧ್ಯಾಹ್ನದವರೆಗೆ ಎರೆಹೊಲ ಕಾದು ಬಿರುಕು ಬಿಟ್ಟಿರುತ್ತದೆ. ಸಂಜೆಗೆ ಮೋಡ ಕವಿದು, ಗಾಳಿ ಎದ್ದು, ಗುಡುಗು ಹೊಡೆದು ನಾಲ್ಕು ಹನಿ ಬೀಳುತ್ತವೆ. ಮರುದಿನ ಮತ್ತೆ ಅದೇ ಬಿಸಿಲು. ಇವು ಅಡ್ಡಮಳೆಗಳು. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂದು ರೈತ ಮಳೆಗಳನ್ನು ಎಣಿಸುತ್ತ, ಮಿರಗಕ್ಕೆ ಬಿತ್ತಬೇಕೆಂದು ಕಾಯುತ್ತಾನೆ. ನಮ್ಮ ಮನೆಯಲ್ಲಿ ಆಯಿ ಎಣಿಸುತ್ತಿದ್ದುದು ಬೇರೆ. ಅವಳ ಲೆಕ್ಕ ಗುಡುಗಿನದು. “ರಾತ್ರಿ ಜೋರ ಗುಡುಗೇತಿ. ನಸುಕಿನ್ಯಾಗ ಹುತ್ತದ ಕಡೆ ಹೋಗಿ ನೋಡ್ಕೊಂಡ ಬಾ” ಎನ್ನುತ್ತಿದ್ದಳು. ಬಹಳ ಸಲ ಬರಿಗೈಯಲ್ಲಿ ಬಂದದ್ದೇ ನೆನಪು. ನೆಲದ ಮೇಲ್ಪದರ ಒದ್ದೆಯಾದರೆ ಸಾಲದು, ಹುತ್ತದ ಒಡಲು ನೆನೆಯಬೇಕು. ಹಾಗೆ ನೆನೆದ ವರ್ಷ ಮಾತ್ರ ಹುತ್ತದ ಸುತ್ತ ಬಿಳಿ ಕೊಡೆಗಳು ಎದ್ದಿರುತ್ತಿದ್ದವು.

ಹೂಲಿಗೆ ಹೋದಾಗಲೆಲ್ಲ ಈ ಅಣಬೆ ನೆನಪಾಗುತ್ತದೆ. ಸವದತ್ತಿಗೆ ಹತ್ತಿರದ, ಗುಡ್ಡದ ಬುಡದ ಊರು ಅದು. ಶಾಸನಗಳಲ್ಲಿ ಅದರ ಹೆಸರು ಪೂಲಿ. ಸಾವಿರ ಮಹಾಜನರಿದ್ದ ಅಗ್ರಹಾರ. ಕಲ್ಯಾಣ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ ಇಂದಿಗೂ ಆ ವೈಭವವನ್ನು ಹೇಳುತ್ತ ನಿಂತಿದೆ. ಇಲ್ಲಿಯ ಶಾಸನಗಳನ್ನು ಲಯೊನೆಲ್ ಬಾರ್ನೆಟ್ ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 18ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಕಾಲದ ದಾನಶಾಸನಗಳ ಲೆಕ್ಕ ಬಲು ಕಟ್ಟುನಿಟ್ಟು. ಎಷ್ಟು ಮತ್ತರು ಭೂಮಿ, ಗಾಣಕ್ಕೆ ಎಷ್ಟು ಎಣ್ಣೆ, ಹೇರಿಗೆ ಎಷ್ಟು ಎಲೆ, ಎಷ್ಟು ಅಡಕೆ ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಸಿದರು. ಬಿತ್ತದೆ ಬೆಳೆಯುವ, ತೂಗಿ ಮಾರದ, ಎರಡು ದಿನಕ್ಕೆ ಕೊಳೆಯುವ ಅಣಬೆಗೆ ಸುಂಕವಿಲ್ಲ. ಸುಂಕವಿಲ್ಲದ್ದಕ್ಕೆ ಶಾಸನವೂ ಇಲ್ಲ. ಹಾಗಾದರೆ ಅದರ ಚರಿತ್ರೆಯನ್ನು ಎಲ್ಲಿ ಹುಡುಕುವುದು?

ನಿಷೇಧದಲ್ಲಿ ಹುಡುಕಬಹುದು. ಹೂಲಿಯ ಅಗ್ರಹಾರ ಏಳಿಗೆಯಲ್ಲಿದ್ದ ಕಾಲಕ್ಕೇ, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆ ಸ್ಮೃತಿಯಲ್ಲಿ ಹುತ್ತವೂ ಬರುತ್ತದೆ, ಅಣಬೆಯೂ ಬರುತ್ತದೆ, ಆದರೆ ಬೇರೆ ಬೇರೆ ಕಡೆ. ಹೊಲದ ಗಡಿಯ ವ್ಯಾಜ್ಯ ಬಂದಾಗ ಯಾವ ಗುರುತುಗಳನ್ನು ನಂಬಬೇಕು ಎನ್ನುವಲ್ಲಿ ಮರ, ಒಡ್ಡು, ತಗ್ಗುಗಳ ಜೊತೆ ಹುತ್ತವನ್ನೂ ಎಣಿಸಿದೆ. ಏನನ್ನು ತಿನ್ನಬಾರದು ಎನ್ನುವಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಊರಕೋಳಿಗಳ ಸಾಲಿನಲ್ಲಿ ಅಣಬೆಯನ್ನು ಇಟ್ಟಿದೆ. ತಿಂದರೆ ಚಾಂದ್ರಾಯಣ ವ್ರತ ಮಾಡಬೇಕು. ಅಂದರೆ ಚಂದ್ರನ ವೃದ್ಧಿಕ್ಷಯಗಳಂತೆ ತುತ್ತು ಏರಿಸಿ ಇಳಿಸುವ ಒಂದು ತಿಂಗಳ ಪ್ರಾಯಶ್ಚಿತ್ತ. ಹುತ್ತದ ಸಾಕ್ಷಿ ನ್ಯಾಯಕ್ಕೆ ಬೇಕು, ಹುತ್ತದ ಫಲ ಪಂಕ್ತಿಗೆ ಬೇಡ.

ಯಾರೂ ತಿನ್ನದ ವಸ್ತುವಿಗೆ ಒಂದು ತಿಂಗಳ ಪ್ರಾಯಶ್ಚಿತ್ತ ವಿಧಿಸುವ ಅಗತ್ಯವಿರಲಿಲ್ಲ. ಹಾಗಾಗಿ ಈ ನಿಷೇಧವನ್ನೇ ದಾಖಲೆಯಾಗಿ ಓದಬೇಕು. ತಿನ್ನುವವರು ಸುತ್ತಲೂ ಇದ್ದರು. ಬೇಡ ಎಂದಷ್ಟೂ ಅವರ ಇರವು ಗೊತ್ತಾಗುತ್ತದೆ. ಪಂಡಿತರೆಲ್ಲರೂ ಮುಖ ತಿರುಗಿಸಲಿಲ್ಲ ಎಂಬುದನ್ನೂ ಹೇಳಬೇಕು. ಸುಶ್ರುತ ಸಂಹಿತೆ ನೆಲ ಸೀಳಿ ಬರುವ ಈ ಶಾಕಗಳನ್ನು ಹುಲ್ಲಿನದು, ಕಬ್ಬಿನದು, ಸಗಣಿಯದು, ಬಿದಿರಿನದು, ಮಣ್ಣಿನದು ಎಂದು ಹುಟ್ಟಿದ ಜಾಗದ ಮೇಲೆ ವಿಂಗಡಿಸುತ್ತದೆ. ಹಾಗೆ ವಿಂಗಡಿಸಬೇಕಾದರೆ ಯಾರೋ ಬಗ್ಗಿ ನೋಡಿರಬೇಕು, ಇಲ್ಲವೆ ನೋಡಿದವರನ್ನು ಕೇಳಿರಬೇಕು. ಸಂಸ್ಕೃತದಲ್ಲಿ ಅಣಬೆಗೆ ಸರ್ಪಚ್ಛತ್ರ ಎಂಬ ಹೆಸರೂ ಇದೆ. ಅಲ್ಲಿ ಹಾವಿನ ಕೊಡೆ, ನಮ್ಮಲ್ಲಿ ನಾಯಿಕೊಡೆ. ಪಂಚಮಿಗೆ ನಾವು ಹಾಲೆರೆಯುವುದೂ ಇದೇ ಹುತ್ತಕ್ಕೆ.

ಹುತ್ತಕ್ಕೂ ಅಣಬೆಗೂ ಇರುವ ನಂಟು ಆಧುನಿಕ ವಿಜ್ಞಾನದ ಪುಸ್ತಕಕ್ಕೆ ಬಂದದ್ದು ತಡವಾಗಿ. ತರಂಗಂಬಾಡಿಯ ಡೇನಿಶ್ ನೆಲೆಗೆ ವೈದ್ಯನಾಗಿ ಬಂದಿದ್ದ, ಲಿನೇಯಸನ ಶಿಷ್ಯ ಯೋಹಾನ್ ಕೋನಿಗ್ 1779ರಲ್ಲಿ ದಕ್ಷಿಣ ಭಾರತದ ಗೆದ್ದಲುಗಳ ಬಗ್ಗೆ ಬರೆಯುತ್ತ ಗೂಡಿನೊಳಗಿನ ಶಿಲೀಂಧ್ರವನ್ನು ಗುರುತಿಸಿದ. 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಈ ಕುಲಕ್ಕೆ ‘ಟರ್ಮಿಟೊಮೈಸಿಸ್’ ಎಂದು ಹೆಸರಿಟ್ಟರು. ಕೋನಿಗ್ ಬರೆದ ಸರಿಯಾಗಿ 200 ವರ್ಷಕ್ಕೆ, 1979ರಲ್ಲಿ, ಕೆ. ನಟರಾಜನ್ ದಕ್ಷಿಣ ಭಾರತದ ಒಂದು ಜಾತಿಯನ್ನು ವಿವರಿಸಿ ಹೈಮ್ ಹೆಸರನ್ನೇ ಅದಕ್ಕಿಟ್ಟರು. ಸಂಗತಿ ಇಷ್ಟು: ಗೆದ್ದಲು ಒಣಹುಲ್ಲು, ಕಟ್ಟಿಗೆಯನ್ನು ಅಗಿದು ತಂದು ಗೂಡಿನಲ್ಲಿ ಜೇನುಹುಟ್ಟಿನಂಥ ತೋಟ ಕಟ್ಟುತ್ತದೆ. ಅದರಲ್ಲಿ ಶಿಲೀಂಧ್ರ ಬೆಳೆಸಿ ತಿನ್ನುತ್ತದೆ. ಮಳೆ ಒಳಗಿಳಿದಾಗ ಆ ತೋಟದಿಂದ ಉದ್ದನೆಯ ಬೇರಿನಂಥ ಕಾಂಡ ನೆಲ ಸೀಳಿ ಬಂದು ಕೊಡೆ ಬಿಚ್ಚುತ್ತದೆ. ಗೂಡು ಜೀವಂತವಿರುವವರೆಗೆ ಅದೇ ಜಾಗದಲ್ಲಿ ವರ್ಷವರ್ಷವೂ ಏಳಬಹುದು. ಆಯಿ ‘ಹುತ್ತದ ಕಡೆ’ ಎಂದು ಬೆರಳು ತೋರಿದ್ದು ಅದಕ್ಕೇ.

ಗುಡುಗಿನ ನಂಬಿಕೆ ನಮ್ಮೊಬ್ಬರದೇ ಅಲ್ಲ. ಹಿಮಾಚಲ, ಕಾಶ್ಮೀರದಲ್ಲಿ ಹಿಮ ಕರಗುವ ವಸಂತದಲ್ಲಿ ಗುಚ್ಛಿ ಎಂಬ ಅಣಬೆ ಆಯುವವರೂ ಗುಡುಗು, ಮಿಂಚನ್ನು ಕಾಯುತ್ತಾರೆ. ಅದು ಒಣಗಿದ ಮೇಲೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತದೆ. ಸುಮಾರು 1900 ವರ್ಷಗಳ ಹಿಂದೆ ಗ್ರೀಕ್ ಲೇಖಕ ಪ್ಲುಟಾರ್ಕ್ ಕೂಡ, ನೆಲದೊಳಗಿನ ಟ್ರಫಲ್ ಗುಡುಗಿನಿಂದ ಹುಟ್ಟುತ್ತದೆ ಎಂದು ಜನ ಏಕೆ ನಂಬುತ್ತಾರೆ ಎಂಬ ಊಟದ ಹೊತ್ತಿನ ಚರ್ಚೆಯೊಂದನ್ನು ಬರೆದಿಟ್ಟಿದ್ದಾನೆ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಅಣಬೆ ಬೆಳೆಯುವ ದಿಮ್ಮಿಗಳಿಗೆ ಕ್ಷಣಮಾತ್ರದ ಭಾರೀ ವಿದ್ಯುತ್ ಹಾಯಿಸಿ ಇಳುವರಿ ಹೆಚ್ಚಿದ್ದನ್ನು ಕಂಡಿದ್ದಾರೆ. ನಮ್ಮ ಹುತ್ತದಲ್ಲಿ ಕೆಲಸ ಮಾಡುವುದು ಸಿಡಿಲೋ, ಅದರ ಹಿಂದೆ ಬರುವ ಮಳೆಯೋ ಎಂಬುದು ಬೇರೆ ಮಾತು.

ಈ ಅಣಬೆ ಏಳುವ ಹೊತ್ತನ್ನೂ ಗಮನಿಸಬೇಕು. ಬಿತ್ತನೆಯ ದಿನಗಳಲ್ಲಿ ಹಗೇವಿನ ಜೋಳ ತಳ ಕಂಡಿರುತ್ತದೆ, ಹೊಸ ಬೆಳೆ ದೂರ, ಹಿತ್ತಲಲ್ಲಿ ಪಲ್ಯಕ್ಕೂ ಏನಿಲ್ಲ. ಆಗ ರೊಟ್ಟಿಯ ಜೊತೆ ಬಿಸಿ ಸಾರಾಗಿ ಬರುವುದು ಇದು. ಆದರೆ 1876–78ರಂಥ ಬರದಲ್ಲಿ ಮಳೆಯೇ ಇಲ್ಲದಾಗ ಅಣಬೆಯೂ ಕೈಕೊಡುತ್ತದೆ. ಆದ್ದರಿಂದ ಇದು ಬರಗಾಲದ ಆಹಾರವಲ್ಲ, ಮಳೆ ಬಂದಿದೆ, ಇನ್ನೆರಡು ತಿಂಗಳು ತಡೆದುಕೊಳ್ಳಿ ಎನ್ನುವ ಆಹಾರ.

ಗೆದ್ದಲಿಲ್ಲದೆ ಇದನ್ನು ಬೆಳೆಸುವ ದಾರಿ ಇನ್ನೂ ರೈತರ ಕೈಗೆ ಬಂದಿಲ್ಲ. ಇತ್ತ ಹೊಲ ಸಮ ಮಾಡುವ ಯಂತ್ರಕ್ಕೆ ಹುತ್ತವೆಂದರೆ ಒಂದು ಅಡ್ಡಿ, ಅಷ್ಟೇ. ಹುತ್ತದ ಜೊತೆಗೆ ಹೋಗುವುದು ಪಲ್ಯ ಮಾತ್ರವಲ್ಲ. ಯಾವುದು ತಿನ್ನುವಂಥದ್ದು, ಯಾವುದು ವಿಷ ಎಂಬ ತಿಳಿವಳಿಕೆಯೂ ಹೋಗುತ್ತದೆ. ಬೆಳ್ಳಿ ಕಪ್ಪಾದರೆ ವಿಷ ಎಂಬ ಮಾತು ಸುಳ್ಳು. ಅದನ್ನು ನಂಬಿದರೆ ಜೀವಕ್ಕೆ ಅಪಾಯ. ಅಣಬೆಯ ಗುರುತು ಹಿಡಿಯುವುದನ್ನು, ತಿಳಿದವರ ಜೊತೆ ಹತ್ತಾರು ಮಳೆಗಾಲ ನಡೆದು ಕಲಿಯಬೇಕು.

ಹೂಲಿಯ ಕಲ್ಲಿನ ಅಕ್ಷರಗಳು ಓದುವವರಿಗಾಗಿ ಎಂಟುನೂರು ವರ್ಷ ಕಾದವು. ಆಯಿಯ ಅಕ್ಷರಗಳಿಗೆ ಅಷ್ಟು ವ್ಯವಧಾನವಿಲ್ಲ. ಅವಳು ತೋರಿಸಿದ ಮೂರು ಹುತ್ತಗಳಲ್ಲಿ ಈಗ ಒಂದು ಉಳಿದಿದೆ. ಮೊನ್ನೆ ರಾತ್ರಿ ಗುಡುಗಿತ್ತು. ನಸುಕಿನಲ್ಲಿ ಹೋಗಿ ನೋಡಿದೆ, ಏನೂ ಇರಲಿಲ್ಲ. ಇನ್ನೂ ರೋಹಿಣಿ ಇದೆ, ಮಿರಗ ಇದೆ.