ತೊಟ್ಟಿಲ ಕೋಣೆಯ ಅಜವಾನ

ಕಲಘಟಗಿ ಎಂದೊಡನೆ ನಿಮಗೆ ನೆನಪಾಗುವುದು ಅಲ್ಲಿಯ ಬಣ್ಣದ ತೊಟ್ಟಿಲು. ಆ ತೊಟ್ಟಿಲು ತೂಗುವ ಕೋಣೆಯ ವಾಸನೆಯೂ ಈ ಭಾಗದವರಿಗೆ ಅಷ್ಟೇ ಪರಿಚಿತ. ಅದು ಕೆಂಡದ ಮೇಲೆ ಉದುರಿಸಿದ ಅಜವಾನದ್ದು. (ಆ ಹೊಗೆ ಎಳೆಯ ಕೂಸಿನ ಉಸಿರಿಗೆ ಒಳ್ಳೆಯದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.) ಬಾಣಂತಿಯ ಊಟಕ್ಕೆ, ಹೊಟ್ಟೆಯುಬ್ಬರಕ್ಕೆ, ಸಂತೆಯ ಮಿರ್ಚಿಭಜಿಯ ಹಿಟ್ಟಿಗೆ ಬೇಕಾಗುವ ಈ ಕಾಳನ್ನು ಮೈಸೂರು ಕಡೆಯವರು ಓಮ ಎನ್ನುತ್ತಾರೆ.

ಪಟ್ಟಣದ ಹೋಟೆಲಿನ ಸೂಪಿನಲ್ಲಿ ನೀವು ಕಂಡಿರಬಹುದಾದ ಸೆಲರಿ ಇದರ ನೆಂಟ. ಕೊತ್ತಂಬರಿ, ಜೀರಿಗೆ, ಸಬ್ಬಸಿಗೆಗಳದೂ ಅದೇ ಕುಟುಂಬ. ಸೆಲರಿಯದು ರಾಜಮರ್ಯಾದೆಯ ಚರಿತ್ರೆ. ಈಜಿಪ್ಟಿನ ಅರಸ ಟುಟಾಂಖಾಮನ್‌ನ ಸಮಾಧಿಯ ಮಾಲೆಗಳಲ್ಲಿ ಅದರ ಎಲೆಗಳಿದ್ದವು. ಗ್ರೀಸಿನ ನೆಮಿಯಾ ಕ್ರೀಡೆಗಳಲ್ಲಿ ಗೆದ್ದವರಿಗೆ ಕಾಡು ಸೆಲರಿಯ ಕಿರೀಟ ತೊಡಿಸುತ್ತಿದ್ದರು. ನಮ್ಮ ವೈದ್ಯಗ್ರಂಥಗಳ ‘ಅಜಮೋದ’ವನ್ನು ಕೆಲವರು ಸೆಲರಿ ಬೀಜವೆಂದರೆ, ಕೆಲವರು ಅಜವಾನದ ಇನ್ನೊಂದು ಸೋದರಿ ಎಂದಿದ್ದಾರೆ. ಹೀಗಿರುವಾಗ ಹೆಸರನ್ನಷ್ಟೇ ನಂಬಿ ಕಷಾಯ ಕಾಯಿಸಬೇಡಿ. ಸೆಲರಿ ಬೀಜದ ಔಷಧ ಗರ್ಭಿಣಿಯರಿಗೆ ಸಲ್ಲದು.

ಅಜವಾನಕ್ಕೆ ಕಿರೀಟದ ಯೋಗ ಬರಲಿಲ್ಲ, ನಿಜ. ಆದರೆ ಒಂದು ಕಾಲದಲ್ಲಿ ಜಗತ್ತೇ ಅದಕ್ಕಾಗಿ ಕೈಚಾಚಿತ್ತು. ಅದರ ಘಾಟಿಗೆ ಕಾರಣ ಥೈಮಾಲ್ ಎಂಬ ದ್ರವ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಗಾಯ ತೊಳೆಯಲು ಅದು ಬಳಕೆಗೆ ಬಂದಿತ್ತು. ಕೊಕ್ಕೆಹುಳುವಿಗೂ ಅದೇ ಮುಖ್ಯ ಮದ್ದಾಯಿತು. ಕೊಕ್ಕೆಹುಳು ಹಸಿಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ಒಳಸೇರಿ, ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ. ಗದ್ದೆ ತುಳಿಯುವವರ ರೋಗವಿದು. ಕಲಘಟಗಿಯಂಥ ಅರೆಮಲೆನಾಡಿನ ಭತ್ತದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಚಿತ್ರವೆಂದರೆ, ಕಾಳು ನಮ್ಮದು, ಮದ್ದು ಜರ್ಮನಿಯದು! ಭಾರತದಿಂದ ಅಜವಾನ ಹಡಗೇರಿ ಹೋಗುತ್ತಿತ್ತು. ಅಲ್ಲಿಯ ಕಾರ್ಖಾನೆಗಳು ಅದರಿಂದ ಥೈಮಾಲ್ ತೆಗೆದು ಊರೂರಿಗೆ ಮಾರುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಈ ದಾರಿ ಮುಚ್ಚಿತು. ಥೈಮಾಲ್ ಅಭಾವ ತಲೆದೋರಿ ಬೆಲೆ ವಿಪರೀತ ಏರಿತು. ಕಾಳು ಬೆಳೆಯುವ ನಾಡಿನಲ್ಲಿಯೇ ಮದ್ದನ್ನೂ ತಯಾರಿಸಬಹುದಲ್ಲ ಎಂಬ ಯೋಚನೆ ಬಲಗೊಂಡಿದ್ದು ಆಗ. ಭಾರತದಲ್ಲಿ ಭಟ್ಟಿ ಇಳಿಸುವ ಕೆಲಸವೂ ನಡೆಯಿತು.

ಈ ಭಾಗ್ಯ ಬಹುಕಾಲ ಉಳಿಯಲಿಲ್ಲ. 1920ರ ದಶಕದಲ್ಲಿ ಕೊಕ್ಕೆಹುಳುವಿಗೆ ಬೇರೆ ಔಷಧಗಳು ಬಂದವು. ರಸಾಯನ ಶಾಸ್ತ್ರಜ್ಞರು ಕ್ರೆಸಾಲ್‌ನಿಂದ ಥೈಮಾಲ್ ತಯಾರಿಸುವ ವಿಧಾನ ಕಂಡುಕೊಂಡ ಮೇಲಂತೂ ಕಾಳಿನ ಹಂಗೇ ತಪ್ಪಿತು.

ಬಾಯಿ ಮುಕ್ಕಳಿಸುವ ಔಷಧದ ಬಾಟಲಿ ನಿಮ್ಮ ಮನೆಯಲ್ಲಿದ್ದರೆ ಅದರ ಚೀಟಿಯನ್ನು ಒಮ್ಮೆ ಓದಿ. ಥೈಮಾಲ್ ಎಂಬ ಹೆಸರು ಅಲ್ಲಿ ಸಿಕ್ಕೀತು. ಮುಚ್ಚಳ ತೆಗೆದು ಮೂಸಿ ನೋಡಿದರೆ, ಅಡಿಗೆಮನೆಯ ಡಬ್ಬಿಯದೇ ವಾಸನೆ.