ಅಗಸೆಯ ಕದವೂ ಬೀದಿಯ ಗೇಟೂ

ಊರಿನ ಚರಿತ್ರೆಯನ್ನು ಅರಿಯಬೇಕೆಂಬವರು ಶಾಸನಗಳನ್ನೂ ಗುಡಿಗಳನ್ನೂ ಅರಸುವುದು ವಾಡಿಕೆ. ಊರಿನ ಬಾಗಿಲು ಯಾವ ಕಡೆಗೆ ತೆರೆಯುವುದೆಂದು ವಿಚಾರಿಸಿದವರು ವಿರಳ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ತಮ್ಮ ಹಳೆಯ ಕಬ್ಬಿಣದ ಗೇಟಿಗೆ ವಿದ್ಯುದ್ಯಂತ್ರವನ್ನು ಜೋಡಿಸಬೇಕೆಂದಿರುವ ಗೃಹಸ್ಥರಿಗಾದರೂ ಈ ವಿಚಾರವು ಬರಿಯ ಕುತೂಹಲದ್ದಲ್ಲ.

ಈ ಮೂರು ತಾಲೂಕುಗಳು ಸೇನೆಗಳ ಹಾದಿಯಲ್ಲಿದ್ದ ನಾಡು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆಳಂದವು ಆಳಂದೆ-ಸಾಸಿರವೆಂಬ ವಿಭಾಗಕ್ಕೆ ಹೆಸರು ಕೊಟ್ಟಿತ್ತು. ೧೩೪೭ರಲ್ಲಿ ಕಲಬುರ್ಗಿಯಲ್ಲಿ ಬಹಮನೀ ರಾಜ್ಯವು ತಲೆಯೆತ್ತಿತು. ಮುಂದೆ ಭೀಮೆಯ ಆಚೆಗೆ ವಿಜಾಪುರದ ಆದಿಲಶಾಹಿಯು ಬಲಿಯಿತು. ಬೀದರದ ಶರ್ಜಾ ದರವಾಜೆಯು ೧೫೦೩ರದು. ವಿಜಾಪುರದ ಊರಗೋಡೆಯು ೧೫೬೫ರಲ್ಲಿ ಮುಗಿಯಿತು. ಇಂತಹ ರಾಜಧಾನಿಗಳ ನಡುವಣ ಹಳ್ಳಿಗಳಲ್ಲಿ ಅಗಸೆಯೂ ಹುಡೇವೂ ಶೋಭೆಗಾಗಿ ಕಟ್ಟಿದವುಗಳಲ್ಲ, ಜೀವರಕ್ಷಣೆಗಾಗಿ ಕಟ್ಟಿದವು.

ಕೋಟೆಯ ಕದವು ಒಳಮುಖವಾಗಿಯೇ ತೆರೆಯುವುದು ಸಾಮಾನ್ಯ ನಿಯಮ. ಆ ಕಾಲದ ಕದಕ್ಕೆ ಬಿಜಾಗರಿಯಿಲ್ಲ. ಹಲಗೆಯ ಮೇಲ್ತುದಿ ಕೆಳತುದಿಗಳಲ್ಲಿ ಮೊಳೆಯಂತೆ ಚಾಚಿದ ಗುಬ್ಬಿಗಳು ಕಲ್ಲಿನ ಕುಳಿಗಳಲ್ಲಿ ತಿರುಗುತ್ತಿದ್ದವು. ಆ ಕುಳಿಗಳು ಗೋಡೆಯ ಒಳಮಗ್ಗುಲಲ್ಲಿದ್ದರೆ ಶತ್ರುವಿನ ಕೈಗೆ ಸಿಕ್ಕವು. ಕದದ ಹಿಂದೆ ಗೋಡೆಯಿಂದ ಗೋಡೆಗೆ ಹಾಯುವ ಅಗುಳಿಯಿರುವುದು. ಹೊರಗಿನಿಂದ ಆನೆ ನೂಕಿದಷ್ಟೂ ಆ ಭಾರವು ಅಗುಳಿಯ ಮೂಲಕ ಗೋಡೆಗೇ ಸೇರುವುದು. ಆನೆಯ ಹಣೆಗೆಂದೇ ಕದದ ಹೊರಮೈಗೆ ಕಬ್ಬಿಣದ ಮುಳ್ಳುಗಳನ್ನು ಜಡಿಯುತ್ತಿದ್ದರು. ವಾಡೆಗಳ ಹೆಬ್ಬಾಗಿಲುಗಳೂ ಇದೇ ಪದ್ಧತಿಯನ್ನು ಹಿಡಿದವು. ದೊಡ್ಡ ಕದವನ್ನು ತೆರೆಯದೆಯೇ ಒಬ್ಬೊಬ್ಬರು ನುಸುಳಲು ಅದರಲ್ಲೇ ಒಂದು ದಿಡ್ಡಿಯನ್ನು ಕೊರೆದರು. ರಕ್ಷಣೆಗೆಂದು ಹುಟ್ಟಿದ ಈ ಪದ್ಧತಿಯಿಂದ ಬೀದಿಗೂ ಒಂದು ಉಪಕಾರವಾಯಿತು: ಹೊಸ್ತಿಲಿನ ಹೊರಗಿನ ನೆಲವು, ಮನೆಯಾಕೆಯ ರಂಗವಲ್ಲಿಯ ಹೊರತು, ನಡೆಯುವವರ ಪಾಲಿಗೇ ಉಳಿಯಿತು.

ಪರದೇಶಗಳಲ್ಲಿ ಇದೇ ಮಾತನ್ನು ಕಾಯದೆಯಿಂದ ಹೇಳಿಸಬೇಕಾಯಿತು. ಇಂಗ್ಲೆಂಡಿನಲ್ಲಿ ೧೮೪೭ರ ಪಟ್ಟಣಸುಧಾರಣೆಯ ಕಾಯದೆಯು ಬೀದಿಗೆ ಹತ್ತಿದ ಹೊಸ ಬಾಗಿಲುಗಳು ಹೊರಕ್ಕೆ ತೆರೆಯಬಾರದೆಂದು ಗೊತ್ತುಪಡಿಸಿತು. ಮುಂಬಯಿ ನಗರದ ೧೮೮೮ರ ಮುನಸಿಪಲ್ ಕಾಯದೆಯ ೩೧೧ನೆಯ ಕಲಮು ಅಂತಹ ಬಾಗಿಲನ್ನು ಬದಲಿಸೆಂದು ಒಡೆಯನಿಗೆ ನೋಟೀಸು ಕೊಡುವ ಅಧಿಕಾರವನ್ನು ಕಮಿಶನರನಿಗೆ ಇತ್ತಿತು.

ನಮ್ಮ ಭಾಗದ ಜನರಿಗೆ ಸಾರ್ವಜನಿಕ ಮಾರ್ಗದ ಮೇಲೆ ಚಲಿಸುವ ಗೇಟಿನ ಪರಿಚಯವನ್ನು ಮಾಡಿಕೊಟ್ಟುದು ರೈಲು. ಗಾಣಗಾಪುರ ರೋಡ್, ಕಲಬುರ್ಗಿಗಳ ಮೇಲೆ ಹಾಯುವ ಮುಂಬಯಿಯ ದಾರಿಯು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿತು. ರೈಲಿನ ಗೇಟು ರಸ್ತೆಗೆ ಅಡ್ಡ ಬರುವುದು ನಿಜ. ಆದರೆ ಅದರ ಪಕ್ಕದಲ್ಲಿ ಎರಡೂ ಕಡೆಗೆ ಕಣ್ಣಿಟ್ಟ ಕಾವಲುಗಾರನಿದ್ದನು. ಮನೆಯ ಗೇಟಿಗೆ ಅಂತಹ ಕಾವಲುಗಾರನೆಲ್ಲಿ?

ಈಚಿನ ಬಡಾವಣೆಗಳಲ್ಲಿ ಗೇಟು ಹೊರಕ್ಕೆ ತಿರುಗಿದುದಕ್ಕೆ ಕಾರಣಗಳು ಎರಡು. ಮನೆಯ ಮುಂದಿನ ಅಂಗಳವು ಒಂದು ಮೋಟಾರು ನಿಂತರೆ ತುಂಬುವಷ್ಟೇ ಇರುವುದು. ಇಲ್ಲವೆ ರಸ್ತೆಯಿಂದ ಮನೆಯ ಕಡೆಗೆ ನೆಲವು ಏರಿರುವುದರಿಂದ ಕದವನ್ನು ಒಳಕ್ಕೆಳೆದರೆ ಅದು ಶಹಾಬಾದಿ ಹಾಸುಗಲ್ಲಿಗೆ ತಗಲುವುದು. ಹನ್ನೆರಡು ಅಡಿಯ ಗೇಟಿಗೆ ಆರಾರು ಅಡಿಯ ಎರಡು ಕದಗಳು. ಕಾಲುದಾರಿಯಲ್ಲಿ ನಡೆಯಲು ಕನಿಷ್ಠ ೧.೮ ಮೀಟರು ತೆರಪಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ೨೦೧೨ರ ಸೂಚನೆಯಲ್ಲಿದೆ. ಅದೂ ಸುಮಾರು ಆರು ಅಡಿಯೇ. ಹೊರಕ್ಕೆ ತೆರೆದ ಒಂದು ಕದವು ಆ ದಾರಿಯನ್ನು ಪೂರ್ತಿಯಾಗಿ ನುಂಗುವುದೆಂದಾಯಿತು.

ಕೈಯಿಂದ ತೆರೆಯುವಾಗ ಇದು ಸಣ್ಣ ಉಪದ್ರವ. ತೆರೆಯುವವನು ಕದದ ಬಳಿಯೇ ಇದ್ದು ಇಣಿಕಿ ನೋಡುವನು. ಯಂತ್ರ ಬಂದ ಮೇಲೆ ಅವನು ಗೋಡೆಯ ಮರೆಯಲ್ಲಿ, ಗಾಡಿಯೊಳಗೆ ಕುಳಿತು ಗುಂಡಿಯೊತ್ತುವನು. ತಾನಾಗಿ ತೆರೆಯುವ ಬಾಗಿಲಿನ ಆಸೆಯು ಹಳೆಯದು: ಬಲಿಪೀಠದ ಬೆಂಕಿಯಿಂದ ಗುಡಿಯ ಕದಗಳು ತೆರೆಯುವ ಯುಕ್ತಿಯನ್ನು ಅಲೆಕ್ಸಾಂಡ್ರಿಯದ ಹೆರಾನನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಬರೆದಿಟ್ಟನು. ಆದರೆ ಅವನ ಕದಕ್ಕೆ ಕಣ್ಣಿರಲಿಲ್ಲ. ಬೆಳಕಿನ ಕಿರಣವು ತುಂಡಾದಾಗ ತೆರೆಯುವ ಬಾಗಿಲನ್ನು ೧೯೩೧ರಲ್ಲಿ ಅಮೆರಿಕೆಯ ವೆಸ್ಟ್ ಹೇವನಿನ ಒಂದು ಉಪಾಹಾರಗೃಹದಲ್ಲಿ ಕೂಡಿಸಿದರು. ಎರಡೂ ಕೈಯಲ್ಲಿ ತಟ್ಟೆ ಹಿಡಿದ ಪರಿಚಾರಕರಿಗೆ ಅನುಕೂಲವಾಗಲೆಂದು. ಇಂದಿನ ಗೇಟಿನಲ್ಲಿ ಅದೇ ಕಿರಣವು, ಯಾರಾದರೂ ಅಡ್ಡ ಬಂದರೆ ಕದವನ್ನು ತಡೆಯುವ ಕಾವಲುಗಾರ. ಒಳಕ್ಕೆ ತೆರೆಯುವ ಕದಕ್ಕಾದರೆ ಅದು ಹಾಯುವ ಜಾಗದ ಸುತ್ತ, ನಮ್ಮದೇ ಅಂಗಳದಲ್ಲಿ, ಇದರ ಕಂಬಗಳನ್ನು ನೆಡಬಹುದು. ಹೊರಕ್ಕೆ ತೆರೆಯುವ ಕದದ ಹರವು ಸಾರ್ವಜನಿಕರ ನೆಲ. ಅಲ್ಲಿ ಕಂಬ ನೆಡಲು ನಮಗೆ ಅಧಿಕಾರವಿಲ್ಲ. ಕದದಂಚಿಗೆ ರಬ್ಬರಿನ ಪಟ್ಟಿಯನ್ನು ಕೂಡಿಸಿ, ತಾಗಿದೊಡನೆ ಹಿಮ್ಮೆಟ್ಟುವಂತೆ ಮಾಡಬಹುದೆನ್ನುವರು. ತಾಗಿದ ಮೇಲೆ ಅರಿಯುವುದು ಬೇರೆ, ತಾಗುವ ಮೊದಲೇ ಅರಿಯುವುದು ಬೇರೆ.

೨೦೧೦ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಬ್ಬಳು, ಕೆಲವೇ ದಿನಗಳ ತರುವಾಯ ವೇಲ್ಸಿನ ಬ್ರಿಜೆಂಡಿನಲ್ಲಿ ಇನ್ನೊಬ್ಬಳು, ಹೀಗೆ ಆರು ಮತ್ತು ಐದು ವರ್ಷದ ಇಬ್ಬರು ಬಾಲಕಿಯರು ವಿದ್ಯುತ್ತಿನ ಗೇಟುಗಳಿಗೆ ಸಿಕ್ಕು ಅಸುನೀಗಿದರು. ಅವು ಪಕ್ಕಕ್ಕೆ ಸರಿಯುವ ಜಾತಿಯವು. ಆದಕಾರಣ ಸರಿಯುವ ಗೇಟೊಂದೇ ಪರಿಹಾರವೆಂದು ನೆಮ್ಮದಿಯಿಂದಿರುವಂತೆಯೂ ಇಲ್ಲ. ಅದಕ್ಕೂ ಕಣ್ಣು ಬೇಕು.

ಹಾಗಾದರೆ ಹಳೆಯ ಗೇಟಿನ ಗತಿಯೇನು? ಮೊದಲು ಕದವನ್ನು ಒಳಮುಖವಾಗಿ ತಿರುಗಿಸಿ ಕೂಡಿಸಬೇಕು. ನೆಲವು ಏರಾಗಿದ್ದರೆ ತೆರೆಯುತ್ತ ಮೇಲೇಳುವ ಬಿಜಾಗರಿಗಳುಂಟು, ಇಲ್ಲವೆ ಕದದ ಕೆಳಗಿನ ಪಟ್ಟಿಯನ್ನು ಓರೆಯಾಗಿ ಕತ್ತರಿಸಬಹುದು. ಅಂಗಳವು ಕಿರಿದಾದರೆ ಪ್ರತಿಯೊಂದು ಕದವನ್ನೂ ನಡುವೆ ಮಡಿಸುವಂತೆ ಮಾಡಿಸಬಹುದು. ಬೆರಳಿನಿಂದ ನೂಕಿದರೆ ಸರಾಗವಾಗಿ ಚಲಿಸಿ, ಬಿಟ್ಟಲ್ಲಿಯೇ ನಿಲ್ಲದ ಕದಕ್ಕೆ ಯಂತ್ರವನ್ನು ಕೂಡಿಸುವುದು ವ್ಯರ್ಥ. ಜೋಲುಬಿದ್ದ ಕದವು ಮೊದಲು ಯಂತ್ರವನ್ನು ಕೆಡಿಸುವುದು, ಆಮೇಲೆ ಕಂಬವನ್ನು. ಇವೊಂದೂ ಸಾಧಿಸದಿದ್ದಲ್ಲಿ ಗೇಟನ್ನು ಕೈಗೇ ಬಿಡುವುದು ಮೇಲು. ಯಂತ್ರವನ್ನು ಕೂಡಿಸಿಕೊಂಡವರು, ವಿದ್ಯುತ್ತು ನಿಂತಾಗ ಕದವನ್ನು ಯಂತ್ರದಿಂದ ಬಿಡಿಸುವ ಕೀಲಿಕೈಯನ್ನು, ಮನೆಯ ಹಿರಿಯರಿಗೂ ತಿಳಿದಿರುವ ಒಂದು ಜಾಗದಲ್ಲಿ ತೂಗಹಾಕಿರಬೇಕು.